ಆಂದ್ರೇ ಚೋಖೋವ್: ಕಂಚಿನ ಮೇಲೆ ಉಳಿದ ಜೀವನಚರಿತ್ರೆ

ರಶಿಯಾದ ಫಿರಂಗಿ ಎರಕದ ಚರಿತ್ರೆಯಲ್ಲಿ ಆಂದ್ರೇ ಚೋಖೋವ್‌ನ ಹೆಸರು ಅಗ್ರಗಣ್ಯವಾದುದು. ಆದರೆ ಆತನ ಜನ್ಮವರ್ಷವೂ ಊಹೆಯ ಮಾತೇ. ಆತನ ಬದುಕನ್ನು ಬಹುಮಟ್ಟಿಗೆ ಆತನೇ ಎರಕ ಹೊಯ್ದ ಫಿರಂಗಿಗಳ ಮೇಲಿನ ಬರಹಗಳಿಂದ ಕಟ್ಟಿಕೊಳ್ಳಬೇಕಾಗಿದೆ. ವಿಜಾಪುರದ ಮಲಿಕ್-ಎ-ಮೈದಾನ್ ತೋಪಿನ ಮೇಲೆ 1549ರಲ್ಲಿ ಹೆಸರು ಕೆತ್ತಿಸಿಕೊಂಡ ಮಹಮ್ಮದ್ ಬಿನ್ ಹಸನ್ ರೂಮಿಯ ವಿಷಯದಲ್ಲಾದರೋ ಅಂತಹ ಬರಹ ಒಂದೇ ಒಂದು. ಚೋಖೋವ್‌ನ ವಿಷಯದಲ್ಲಿ ಹಲವು.

1568ರ ವೇಳೆಗೆ ಆತ ಮಾಸ್ಕೋದ ನೆಗ್ಲಿನ್ನಾಯಾ ನದಿಯ ದಡದಲ್ಲಿದ್ದ ಸರ್ಕಾರಿ ಎರಕಶಾಲೆಯಲ್ಲಿದ್ದನು. ಆರಂಭದ ಫಿರಂಗಿಗಳಲ್ಲಿ ಆತ ಕಾಣಿಸಿಕೊಳ್ಳುವುದು ಕಷ್ಪೀರ್ ಗನೂಸೋವ್‌ನ ಶಿಷ್ಯನಾಗಿ. ಗುರುವಿನ ಹೆಸರು ಮೊದಲು, ತನ್ನದು ಅನಂತರ. ಲಿವೋನಿಯಾದ ಯುದ್ಧಕಾಲದಲ್ಲಿ, 1577ರಲ್ಲಿ, ಏಳು ಟನ್ನಿಗೂ ಮಿಗಿಲಾದ ‘ಏಕಶೃಂಗಿ’ಯನ್ನು ಎರಕ ಹೊಯ್ಯುವಾಗ ಆತ ಸ್ವತಂತ್ರ ಆಚಾರ್ಯನಾಗಿದ್ದನು.

ಆತನಿಗೆ ಕೀರ್ತಿಯನ್ನೂ ಅಪಹಾಸ್ಯವನ್ನೂ ಒಟ್ಟಿಗೆ ತಂದುದು 1586ರ ‘ತ್ಸಾರ್ ಫಿರಂಗಿ’. ಇದರ ಉದ್ದ 5.34 ಮೀಟರ್, ಬಾಯಿಯ ವ್ಯಾಸ 890 ಮಿಲಿಮೀಟರ್, ತೂಕ ಸುಮಾರು 39 ಟನ್. ನಳಿಗೆಯ ಮೇಲೆ ಕುದುರೆಯೇರಿದ ತ್ಸಾರ್ ಫ್ಯೋದೋರನ ಉಬ್ಬುಚಿತ್ರವಿದೆ. ಎರಕದವನ ಹೆಸರೂ ಇದೆ. ಕ್ರೆಮ್ಲಿನ್‌ನಲ್ಲಿ ಇದನ್ನು ನೋಡಿದವರು ಹಾರಿಸಲಾಗದ ಫಿರಂಗಿಯೆಂದು ನಗುವುದುಂಟು. ವಾಸ್ತವವಾಗಿ ಅದರ ಬಂಡಿಯೂ ಮುಂದಿರುವ ಕಬ್ಬಿಣದ ಗುಂಡುಗಳೂ 1835ರ ಅಲಂಕಾರಗಳು. ಚೋಖೋವ್ ಎರಕ ಹೊಯ್ದುದು ಕಲ್ಲನ್ನು ಎಸೆಯುವ, ಹಳೆಯ ಬಗೆಯ ಅಗಲಬಾಯಿಯ ತೋಪನ್ನು. ಹತ್ತೊಂಬತ್ತನೆಯ ಶತಮಾನದ ಅಲಂಕಾರಪ್ರಿಯತೆಯ ಅಪವಾದವನ್ನು ಹದಿನಾರನೆಯ ಶತಮಾನದ ಕುಶಲಕರ್ಮಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಸಿಂಹಾಸನದ ಮೇಲಿನವರು ಬದಲಾದರೂ ಕುಲುಮೆಯ ಬಳಿಯ ಚೋಖೋವ್ ಬದಲಾಗಲಿಲ್ಲ. ಹುಸಿ ದ್ಮಿತ್ರಿಯ ಅಲ್ಪಾವಧಿಯ ಆಳ್ವಿಕೆಯಲ್ಲಿ ದೊಡ್ಡದೊಂದು ಮಾರ್ಟರ್ ತೋಪನ್ನೂ 1617ರಲ್ಲಿ ಮಿಖಾಯಿಲ್ ರೊಮಾನೋವ್‌ನ ಕಾಲಕ್ಕೆ ‘ತ್ಸಾರ್ ಅಕಿಲಸ್’ ಫಿರಂಗಿಯನ್ನೂ ಎರಕ ಹೊಯ್ದನು. 1622ರಲ್ಲಿ ಕ್ರೆಮ್ಲಿನ್‌ಗಾಗಿ ಸಿದ್ಧಪಡಿಸಿದ ‘ರೇವುತ್’ ಗಂಟೆಯ ತೂಕ ಸುಮಾರು 32 ಟನ್. ಗಂಟೆಯ ಕಂಚಿಗೆ ತವರದ ಪಾಲು ಹೆಚ್ಚು, ಫಿರಂಗಿಯ ಕಂಚಿಗೆ ಕಡಿಮೆ. ಹೆಚ್ಚಾದರೆ ಲೋಹ ನಾದ ಕೊಡುತ್ತದೆ, ಸಿಡಿತವನ್ನು ತಾಳದು. ಈ ಎರಡೂ ಹದಗಳು ಆತನಿಗೆ ಕರಗತವಾಗಿದ್ದವು. 1629ರ ಸುಮಾರಿಗೆ ಆತ ತೀರಿಕೊಂಡನು.

ಕಂಚು ಮತ್ತೆ ಕರಗುವ ವಸ್ತು. 1700ರಲ್ಲಿ ನಾರ್ವಾದಲ್ಲಿ ಸೋತ ಪೀಟರ್ ದೊರೆ ಇಗರ್ಜಿಗಳ ಗಂಟೆಗಳನ್ನೇ ಫಿರಂಗಿಗಳಿಗಾಗಿ ಕರಗಿಸಿದನು. ಆದರೂ 1703ರಲ್ಲಿ ಹುಸಿ ದ್ಮಿತ್ರಿಯ ತೋಪನ್ನು ಕರಗಿಸಕೂಡದೆಂದು ಆಜ್ಞೆಯಾಯಿತು. ಆ ಆಜ್ಞೆಯನ್ನು ತೋಪಿನ ಮೇಲೆಯೇ ಬರೆಯಿಸಲಾಯಿತು. ಸ್ವೀಡನ್ನರ ಕೈಸೇರಿದ್ದ ‘ಏಕಶೃಂಗಿ’ 1723ರಲ್ಲಿ ಹಿಂದಿರುಗಿತು. ಇವೆರಡೂ ಸೇಂಟ್ ಪೀಟರ್ಸ್‌ಬರ್ಗ್‌ನ ಫಿರಂಗಿ ವಸ್ತುಸಂಗ್ರಹಾಲಯದಲ್ಲಿವೆ. ಚೋಖೋವ್‌ನ ಇನ್ನೆರಡು ಫಿರಂಗಿಗಳು ಮಾತ್ರ ಯುದ್ಧದ ಕೊಳ್ಳೆಯಾಗಿ ಹೋದವು ಮರಳಲಿಲ್ಲ. ತೋಳಗಳೆಂದು ಹೆಸರಿಟ್ಟು ಆತ ರೂಪಿಸಿದ ಅವು, ಸ್ವೀಡನ್ನಿನ ಗ್ರಿಪ್ಸ್‌ಹೋಮ್ ಕೋಟೆಯ ಅಂಗಳದಲ್ಲಿ ಗಂಡುಹಂದಿ, ಹೆಣ್ಣುಹಂದಿ ಎಂಬ ಹೆಸರುಗಳಿಂದ ನಿಂತಿವೆ.