ಕರು ಹೊತ್ತು ಬೆಳೆದ ಮಿಲೋ

ಹಾಸ್ಟೆಲ್ ಜಿಮ್‌ಗೆ ಹೋಗುವ ನಮಗೆಲ್ಲ ಪ್ರೋಗ್ರೆಸಿವ್ ಓವರ್‌ಲೋಡ್ ಅನ್ನೋ ಪದ ಗೊತ್ತು. ದಿನಾ ಸ್ವಲ್ಪ ಸ್ವಲ್ಪ ತೂಕ ಹೆಚ್ಚಿಸುತ್ತಾ ಹೋದರೆ ಮೈ ಅದಕ್ಕೆ ಒಗ್ಗಿಕೊಳ್ಳುತ್ತೆ. ಇದನ್ನು ವಿವರಿಸೋ ಎಷ್ಟೋ ವಿಡಿಯೋಗಳಲ್ಲಿ ಒಬ್ಬ ಗ್ರೀಕ್ ಹುಡುಗ ಕರು ಹೊತ್ತುಕೊಂಡು ಬರ್ತಾನೆ. ಪುಟ್ಟ ಕರುವನ್ನು ದಿನವೂ ಹೊತ್ತ; ಅದು ಬೆಳೆದು ಹೋರಿಯಾಯಿತು, ಇವನು ಹೊರೋದು ಬಿಡಲಿಲ್ಲ. ಕಥೆ ನಿಜವೋ ಸುಳ್ಳೋ, ಹುಡುಗ ಮಾತ್ರ ನಿಜ. ಅವನೇ ಕ್ರೋಟನ್ ಊರಿನ ಮಿಲೋ.

ಕ್ರೋಟನ್ ಇರೋದು ಗ್ರೀಸ್‌ನಲ್ಲಿ ಅಲ್ಲ, ದಕ್ಷಿಣ ಇಟಲಿಯಲ್ಲಿ. ಸಮುದ್ರ ದಾಟಿ ಬಂದ ಗ್ರೀಕರು ಕಟ್ಟಿಕೊಂಡ ಊರು. ಒಂದು ಒಲಿಂಪಿಕ್ಸ್‌ನಲ್ಲಿ ಓಟದ ಮೊದಲ ಏಳು ಸ್ಥಾನವೂ ಈ ಒಂದೇ ಊರಿನ ಪಾಲಾಗಿತ್ತಂತೆ. ಅಲ್ಲಿಂದ ಮಿಲೋ ಕ್ರಿ.ಪೂ. 540ರ ಸುಮಾರಿಗೆ ಒಲಿಂಪಿಯಾಕ್ಕೆ ಹೋಗಿ ಹುಡುಗರ ಕುಸ್ತಿಯಲ್ಲಿ ಗೆದ್ದ. ಆಮೇಲೆ ದೊಡ್ಡವರ ಕುಸ್ತಿಯಲ್ಲಿ ಸತತ ಐದು ಸಲ. ನಾಲ್ಕು ವರ್ಷಕ್ಕೊಂದು ಒಲಿಂಪಿಕ್ಸ್, ಲೆಕ್ಕ ನೀವೇ ಹಾಕಿ.

ಆಗ ತೂಕದ ವರ್ಗಗಳಿರಲಿಲ್ಲ. ಮೈಗೆ ಆಲಿವ್ ಎಣ್ಣೆ ಹಚ್ಚಿ, ಮೇಲೆ ಧೂಳು ಹಾಕಿಕೊಂಡು, ಬಟ್ಟೆಯಿಲ್ಲದೆ ಸೆಣಸುತ್ತಿದ್ದರು. ಎದುರಾಳಿಯನ್ನು ಮೂರು ಸಲ ಕೆಡವಿದವನು ಗೆದ್ದ. ಒಲಿಂಪಿಯಾದಲ್ಲಿ ಸಿಗುತ್ತಿದ್ದದ್ದು ಕಾಡು ಆಲಿವ್ ಎಲೆಯ ಕಿರೀಟ. ಗುಲಾಮರು ಸ್ಪರ್ಧಿಸುವ ಹಾಗಿರಲಿಲ್ಲ, ಮದುವೆಯಾದ ಹೆಂಗಸರಿಗೆ ನೋಡೋಕೂ ಬಿಡ್ತಿರಲಿಲ್ಲ. ಇದನ್ನು ಹೇಳದೆ ಹಳೇ ಒಲಿಂಪಿಕ್ಸನ್ನು ಹೊಗಳೋದು ನಮಗೆ ಸರಿ ಕಾಣಲ್ಲ.

ಸಾಮಾನ್ಯ ಗ್ರೀಕರ ಊಟ ಅಂದರೆ ಬಾರ್ಲಿ, ಆಲಿವ್, ಚೀಸ್, ಸ್ವಲ್ಪ ಮೀನು. ಮಾಂಸ ಹೆಚ್ಚಾಗಿ ಹಬ್ಬದಲ್ಲಿ ಬಲಿ ಕೊಟ್ಟ ದಿನ. ಮಿಲೋ ಮಾತ್ರ 8 ಕಿಲೋಗೂ ಹೆಚ್ಚು ಮಾಂಸ, ಅಷ್ಟೇ ತೂಕದ ರೊಟ್ಟಿ ತಿಂತಿದ್ದ ಅಂತ ನಂತರದವರು ಬರೆದಿದ್ದಾರೆ. ನಮ್ಮ ಮೆಸ್‌ನವರು ಕೇಳಿದ್ರೆ ಬಾಗಿಲು ಹಾಕ್ಕೊಂಡು ಓಡ್ತಾರೆ.

ನಮಗೆ ಗೊತ್ತಿಲ್ಲದ ವಿಷಯ ಇನ್ನೊಂದಿತ್ತು. ಅದೇ ಕಾಲಕ್ಕೆ ಅದೇ ಊರಿನಲ್ಲಿ ಪೈಥಾಗೋರಸ್ ಇದ್ದ, ನಮ್ಮ ಹತ್ತನೇ ಕ್ಲಾಸಿನ ಪ್ರಮೇಯದವನೇ. ಮಿಲೋ ಅವನ ಬಳಗದವನು ಎನ್ನುತ್ತಾರೆ. ಒಮ್ಮೆ ಆ ಬಳಗ ಊಟಕ್ಕೆ ಕೂತಿದ್ದ ಹಾಲ್‌ನ ಕಂಬ ಕುಸಿಯಿತಂತೆ. ಮಿಲೋ ಕಂಬದ ಜಾಗದಲ್ಲಿ ತಾನೇ ನಿಂತು ಭಾರ ಹೊತ್ತ. ಎಲ್ಲರೂ ಉಳಿದರು, ಕೊನೆಗೆ ತಾನೂ ನುಣುಚಿಕೊಂಡು ಹೊರಬಂದ. ಇದು ಸಾಧ್ಯವಾ ಅಂತ ಸಿವಿಲ್‌ನವರು ಹೇಳಲಿ.

ಏಳನೇ ಸಲ ಒಲಿಂಪಿಯಾಕ್ಕೆ ಹೋದಾಗ ಎದುರಿಗೆ ನಿಂತವನು ತನ್ನದೇ ಊರಿನ ಯುವಕ, ತಿಮಾಸಿಥಿಯಸ್. ಅವನು ಹತ್ತಿರಕ್ಕೇ ಬರಲಿಲ್ಲ. ಹಿಡಿತಕ್ಕೆ ಸಿಕ್ಕರೆ ಕಥೆ ಮುಗೀತು ಅಂತ ಅವನಿಗೆ ಗೊತ್ತಿರಬೇಕು. ದೂರದಲ್ಲೇ ಉಳಿದ ಹುಡುಗನನ್ನು ಮಿಲೋ ಕೆಡವಲಾಗಲಿಲ್ಲ.

ಕ್ರಿ.ಪೂ. 510ರಲ್ಲಿ ಕ್ರೋಟನ್‌ಗೂ ಸಿಬಾರಿಸ್ ಎಂಬ ಶ್ರೀಮಂತ ಊರಿಗೂ ಯುದ್ಧ. ಅಲ್ಲಿದ್ದವರೂ ಗ್ರೀಕರೇ. ಮಿಲೋ ತನ್ನ ಆರೂ ಒಲಿಂಪಿಕ್ ಕಿರೀಟ ತೊಟ್ಟು, ವೀರ ಹೆರಾಕ್ಲೀಸ್‌ನಂತೆ ಸಿಂಹದ ಚರ್ಮ ಹೊದ್ದು, ಗದೆ ಹಿಡಿದು ಸೈನ್ಯದ ಮುಂದೆ ನಡೆದನಂತೆ. ಕ್ರೋಟನ್ ಗೆದ್ದಿತು. ಗೆದ್ದವರು ನದಿಯನ್ನೇ ತಿರುಗಿಸಿ ಆ ಊರನ್ನು ಮುಳುಗಿಸಿದರು ಅಂತ ಹಳೆಯ ಲೇಖಕರು ಹೇಳ್ತಾರೆ. ಕಂಬ ಹೊತ್ತವನನ್ನು ಮೆಚ್ಚಿಕೊಂಡು ಓದುತ್ತಿದ್ದ ನಮಗೆ ಇಲ್ಲಿ ಮುಂದಕ್ಕೆ ಹೋಗೋದು ಸ್ವಲ್ಪ ಕಷ್ಟವಾಯಿತು.

ಅವನ ಸಾವಿನದೂ ಒಂದು ಕಥೆ. ಕಾಡುದಾರಿಯಲ್ಲಿ, ಯಾರೋ ಬೆಣೆ ಹೊಡೆದು ಅರ್ಧ ಸೀಳಿ ಬಿಟ್ಟಿದ್ದ ಮರ ಕಂಡಿತು. ಉಳಿದದ್ದನ್ನು ಕೈಯಲ್ಲೇ ಸೀಳೋಣ ಅಂತ ಹೋದ. ಬೆಣೆ ಕಳಚಿ ಬಿತ್ತು. ಸೀಳು ಮುಚ್ಚಿಕೊಂಡು ಎರಡೂ ಕೈ ಒಳಗೆ ಸಿಕ್ಕಿಬಿದ್ದವು. ಎಷ್ಟು ಎಳೆದರೂ ಬರಲಿಲ್ಲ. ಆಮೇಲೆ ತೋಳಗಳು ಬಂದವು.