ಪಶ್ಚಾತ್ತಾಪದಿಂದ ಪಾವನತೆಯೆಡೆಗೆ: ಶ್ರೀ ಜಗನ್ನಾಥದಾಸರು

ಹರಿದಾಸ ಸಾಹಿತ್ಯದ ಮುಕುಟಪ್ರಾಯವಾದ ಹರಿಕಥಾಮೃತಸಾರವನ್ನು ಕರುಣಿಸಿದ ಶ್ರೀ ಜಗನ್ನಾಥದಾಸರ ಹೆಸರನ್ನು ಕೇಳದ ಆಸ್ತಿಕರು ವಿರಳ. ಆದರೆ ಆ ಮಹಾಕೃತಿಯ ಹಿಂದೆ ಒಂದು ಅಪರಾಧವೂ ಅದರಿಂದ ಮೇಲೆದ್ದ ಒಂದು ಜೀವನವೂ ಇವೆ ಎಂಬುದು ಮನನೀಯ.

ರಾಯಚೂರು ಜಿಲ್ಲೆಯ ಮಾನವಿಗೆ ಸಮೀಪದ ಬ್ಯಾಗವಟ್ಟ ಗ್ರಾಮದಲ್ಲಿ 1728ರ ಕೀಲಕ ಸಂವತ್ಸರದ ಶ್ರಾವಣ ಶುದ್ಧ ದ್ವಿತೀಯೆಯಂದು ಅವರ ಜನನವಾಯಿತು. ಶ್ರೀನಿವಾಸಾಚಾರ್ಯರೆಂಬುದು ಅವರ ಮೊದಲಿನ ಹೆಸರು. ಶ್ರೀ ವರದೇಂದ್ರತೀರ್ಥರಲ್ಲಿ ಶಾಸ್ತ್ರಾಧ್ಯಯನ ಮಾಡಿ, ಸಂಸ್ಕೃತದಲ್ಲಿ ಪ್ರಕಾಂಡ ಪಂಡಿತರೆನಿಸಿದರು. ವಿದ್ಯೆಯೊಡನೆ ಅಭಿಮಾನವೂ ಬೆಳೆಯಿತು. ಕನ್ನಡದಲ್ಲಿ ಹಾಡಿ ಕುಣಿಯುವ ದಾಸರ ಬಗ್ಗೆ ಅವರಿಗೆ ತಾತ್ಸಾರವಿತ್ತು.

ಶ್ರೀ ವಿಜಯದಾಸರು ಮಾನವಿಗೆ ದಯಮಾಡಿಸಿ, ಪ್ರಸಾದಕ್ಕಾಗಿ ಆಚಾರ್ಯರನ್ನೂ ಆಹ್ವಾನಿಸಿದರು. ಆಚಾರ್ಯರು ಹೊಟ್ಟೆನೋವಿನ ನೆಪವೊಡ್ಡಿ ಹೋಗಲಿಲ್ಲ. ಆ ನೆಪವೇ ನಿಜವಾಯಿತೆಂದು ಸಂಪ್ರದಾಯವು ಹೇಳುತ್ತದೆ. ಅಸಾಧ್ಯವಾದ ಉದರಶೂಲೆ ಬಾಧಿಸತೊಡಗಿತು, ಔಷಧಗಳು ವ್ಯರ್ಥವಾದವು. ಮಂತ್ರಾಲಯದಲ್ಲಿ ಶ್ರೀ ರಾಯರ ಸೇವೆಗೆ ನಿಂತಾಗ, ದಾಸರಿಗೆ ಮಾಡಿದ ಅಪಚಾರವೇ ವ್ಯಾಧಿಯ ಮೂಲವೆಂಬ ಸೂಚನೆ ದೊರೆಯಿತು.

ತಾವು ಹೀಗಳೆದವರ ಬಳಿಗೇ ಹೋಗಿ ತಲೆಬಾಗುವುದು ಪಂಡಿತರಿಗೆ ಸುಲಭವಲ್ಲ. ಆದರೂ ಆಚಾರ್ಯರು ಶ್ರೀ ವಿಜಯದಾಸರಿಗೆ ಶರಣಾಗಿ ಕ್ಷಮೆ ಬೇಡಿದರು. ಕರುಣಾಳುಗಳಾದ ವಿಜಯದಾಸರು ಹಳೆಯದನ್ನು ಎಣಿಸದೆ, ತಮ್ಮ ಶಿಷ್ಯರಾದ ಉತ್ತನೂರಿನ ಶ್ರೀ ಗೋಪಾಲದಾಸರ ಬಳಿಗೆ ಅವರನ್ನು ಕಳುಹಿಸಿದರು. ಗೋಪಾಲದಾಸರು ಧನ್ವಂತರಿಯನ್ನು ಪ್ರಾರ್ಥಿಸಿ, ಜೋಳದ ರೊಟ್ಟಿಯನ್ನೇ ಔಷಧವಾಗಿ ನೀಡಿ ರೋಗವನ್ನು ಪರಿಹರಿಸಿದರು. ಗುರುವಿನ ಆಜ್ಞೆಯಂತೆ ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನೂ ಧಾರೆಯೆರೆದರೆಂಬುದು ಪ್ರಸಿದ್ಧ ಐತಿಹ್ಯ.

ಹೀಗೆ ದೊರೆತ ಆಯುಷ್ಯವನ್ನು ಅವರು ಹಿಂದಿನ ತಪ್ಪನ್ನು ನೆನೆದು ಕೊರಗುವುದರಲ್ಲಿ ಕಳೆಯಲಿಲ್ಲ. ಪಂಢರಪುರಕ್ಕೆ ತೆರಳಿ, ಚಂದ್ರಭಾಗೆಯಲ್ಲಿ ಮಿಂದಾಗ ಜಗನ್ನಾಥವಿಠಲನೆಂಬ ಅಂಕಿತವನ್ನು ಪಡೆದರು. ಯಾವ ಕನ್ನಡವನ್ನು ಕಡೆಗಣಿಸಿದ್ದರೋ ಅದರಲ್ಲಿಯೇ ಪದ, ಸುಳಾದಿ, ತತ್ತ್ವಸುವ್ವಾಲಿಗಳನ್ನು ರಚಿಸಿದರು. ಶ್ರೀಮದಾಚಾರ್ಯರ ಸಿದ್ಧಾಂತವನ್ನು ಭಾಮಿನೀ ಷಟ್ಪದಿಯಲ್ಲಿ ಅಳವಡಿಸಿದ ಹರಿಕಥಾಮೃತಸಾರಕ್ಕೆ ಮುಂದೆ ಸಂಸ್ಕೃತದಲ್ಲಿಯೂ ವ್ಯಾಖ್ಯಾನ ಹುಟ್ಟಿತು. ಹಿಂದಿನ ಪಾಂಡಿತ್ಯ ನಷ್ಟವಾಗಲಿಲ್ಲ; ಅಹಂಕಾರವನ್ನು ಕಳಚಿ ಸೇವೆಗೆ ನಿಂತಿತು.

1809ರ ಶುಕ್ಲ ಸಂವತ್ಸರದ ಭಾದ್ರಪದ ಶುದ್ಧ ನವಮಿಯಂದು ಅವರು ಹರಿಪುರವನ್ನು ಸೇರಿದರು. ಮಾನವಿಯ ಅವರ ಮನೆಯ ಸ್ತಂಭದಲ್ಲಿ ಇಂದಿಗೂ ಸನ್ನಿಹಿತರಾಗಿದ್ದಾರೆಂಬುದು ಭಕ್ತರ ನಂಬಿಕೆ.

ತಪ್ಪು ಮಾಡದವರು ಯಾರು? ಆದರೆ ಅದನ್ನು ಮುಚ್ಚಿಡುವುದೂ ಸಲ್ಲದು, ಜನ್ಮವಿಡೀ ಹೊತ್ತು ತಿರುಗುವುದೂ ಸಲ್ಲದು. ಯಾರಿಗೆ ನೋವಾಯಿತೋ ಅವರಲ್ಲಿ ಕ್ಷಮೆ ಬೇಡಿ, ಉಳಿದ ಆಯುಷ್ಯವನ್ನು ಸತ್ಕಾರ್ಯಕ್ಕೆ ಅರ್ಪಿಸುವುದೇ ನಿಜವಾದ ಪ್ರಾಯಶ್ಚಿತ್ತ. ಶ್ರೀ ದಾಸರಾಯರ ಚರಿತ್ರೆಯು ನಮಗೆ ತೋರುವ ದಾರಿ ಇದೇ.