ಕುರ್ಚಿ ಹೋದ ಮೇಲೆ

 

ಪ್ರಿಯರೇ, ಈ ವಾರ ಇಬ್ಬರು ಯೌವನಸ್ಥರು ನನ್ನ ಹತ್ತಿರ ಬಂದು, ಕೆಲಸ ಹೋಯ್ತು ಪಾಸ್ಟರ್ ಅಂತ ಅತ್ತರು. ಅವರಿಗಾಗಿ ಪ್ರಾರ್ಥಿಸುವಾಗ ನನ್ನ ನೆನಪಿಗೆ ಬಂದವರು ಜರ್ಮನಿಯ ಕಾರ್ಲ್ ಆರ್ನಾಲ್ಡ್.

1901ರಲ್ಲಿ ವ್ಯುರ್ಟೆಂಬರ್ಗ್ ಸೀಮೆಯ ಒಂದು ಚಿಕ್ಕ ಹಳ್ಳಿಯಲ್ಲಿ ಹುಟ್ಟಿದರು. ಕಲಿತದ್ದು ಬೂಟು ಹೊಲಿಯುವ ಕೆಲಸ. ಆಮೇಲೆ ಡ್ಯುಸೆಲ್‌ಡಾರ್ಫ್‌ಗೆ ಬಂದು ಕ್ರೈಸ್ತ ಕಾರ್ಮಿಕ ಸಂಘದ ಸೇವೆಗೆ ಇಳಿದರು, ನಗರಸಭೆಗೂ ಆರಿಸಿ ಬಂದರು. ಅವರು ಕ್ಯಾಥೊಲಿಕ್ ಸಭೆಯವರು. ಆದರೆ ಅವರ ನಂಬಿಕೆ ಭಾನುವಾರಕ್ಕೆ ಮಾತ್ರ ಇರಲಿಲ್ಲ.

1933ರಲ್ಲಿ ಹಿಟ್ಲರ್ ಬಂದ. ಸಂಘ ಮುಚ್ಚಿತು, ಪಕ್ಷವೂ ಹೋಯ್ತು. ಆರ್ನಾಲ್ಡ್ ಪೈಪು ಫಿಟ್ಟಿಂಗ್ ವ್ಯಾಪಾರದಲ್ಲಿ ಪಾಲುದಾರರಾಗಿ ಹೊಟ್ಟೆ ಹೊರೆದರು. 1944ರಲ್ಲಿ ಅವರನ್ನು ಬಂಧಿಸಿದರು. ಆದರೂ ಕರ್ತನು ಅವರನ್ನು ಉಳಿಸಿದನು.

ಯುದ್ಧ ಮುಗಿದಾಗ ಊರುಗಳು ಬಾಂಬಿಗೆ ನೆಲಸಮ, ಜನರಿಗೆ ರೊಟ್ಟಿಯಿಲ್ಲ. 1946ರಲ್ಲಿ ಅವರು ಡ್ಯುಸೆಲ್‌ಡಾರ್ಫ್‌ನ ಮೇಯರ್ ಆದರು. 1947ರಲ್ಲಿ ನಾರ್ತ್ ರೈನ್-ವೆಸ್ಟ್‌ಫಾಲಿಯಾ ರಾಜ್ಯದ ಮುಖ್ಯಮಂತ್ರಿ! ಬೂಟು ಹೊಲಿದ ಕೈಗೆ ದೇವರು ರಾಜ್ಯವನ್ನೇ ಕೊಟ್ಟನು. 1950ರಲ್ಲಿ ಜನರು ಮತ ಹಾಕಿ ಒಪ್ಪಿದ ಆ ರಾಜ್ಯದ ಸಂವಿಧಾನದಲ್ಲಿ ಏನಿದೆ ಗೊತ್ತಾ? ಆಸ್ತಿಯ ರಕ್ಷಣೆಗಿಂತ ದುಡಿಯುವವನ ರಕ್ಷಣೆ ಮೊದಲು, ಪ್ರತಿಯೊಬ್ಬನಿಗೂ ಕೆಲಸದ ಹಕ್ಕಿದೆ ಅಂತ. ಆರ್ನಾಲ್ಡ್ ಜೀವನವಿಡೀ ಹೋರಾಡಿದ್ದು ಇದಕ್ಕೇ.

ಈಗ ಕೇಳಿ. 1956ರ ಫೆಬ್ರವರಿಯಲ್ಲಿ ಕುರ್ಚಿ ಹೋಯ್ತು. ದೇಶದ ರಾಜಧಾನಿ ಬಾನ್‌ನಲ್ಲಿ ಚುನಾವಣಾ ಕಾನೂನಿನ ಬಗ್ಗೆ ಜಗಳ ಎದ್ದಿತ್ತು. ಆ ಸಿಟ್ಟಿಗೆ, ಇಲ್ಲಿ ಅವರ ಜೊತೆ ಸರ್ಕಾರದಲ್ಲಿದ್ದ ಪಕ್ಷವೇ ಎದುರಾಳಿಗಳ ಜೊತೆ ಸೇರಿ ಅವರನ್ನು ಇಳಿಸಿತು. ಜಗಳ ಬೇರೆಯವರದ್ದು, ಪೆಟ್ಟು ಇವರಿಗೆ.

ನಾನಾಗಿದ್ದರೆ ಬಾಗಿಲು ಹಾಕ್ಕೊಂಡು ಮನೇಲಿ ಕೂರ್ತಿದ್ದೆನೇನೋ. ಅವರು ಕೂರಲಿಲ್ಲ. ಮರುವರ್ಷ ಸಂಸತ್ತಿಗೆ ಹೋದರು. 1958ರಲ್ಲಿ ಮತ್ತೆ ರಾಜ್ಯದ ಚುನಾವಣೆಗೆ ಪಕ್ಷದ ಮುಂದಾಳಾಗಿ ಊರೂರು ತಿರುಗಿದರು. ಜೂನ್ 29ರಂದು, ಯ್ಯೂಲಿಶ್ ಎಂಬ ಊರಲ್ಲಿ, ಪ್ರಚಾರದ ನಡುವೆಯೇ ಹೃದಯ ನಿಂತಿತು. ಸರಿಯಾಗಿ ಒಂದು ವಾರಕ್ಕೆ ಮತದಾನ. ಅವರ ಪಕ್ಷಕ್ಕೆ ಪೂರ್ಣ ಬಹುಮತ ಬಂತು. ನೋಡಲು ಅವರಿರಲಿಲ್ಲ.

ಮೋಶೆಯೂ ನೆಬೋ ಬೆಟ್ಟದ ಮೇಲಿಂದ ಕಾನಾನನ್ನು ನೋಡಿದನು, ಒಳಗೆ ಕಾಲಿಡಲಿಲ್ಲ. ಹಾಗಂತ ಅವನ ನಲವತ್ತು ವರ್ಷ ವ್ಯರ್ಥವಾಯಿತಾ? ಇಲ್ಲ ಪ್ರಿಯರೇ! ದೇವರು ಲೆಕ್ಕ ಇಡೋದು ನಮ್ಮ ನಂಬಿಗಸ್ತಿಕೆಯನ್ನು, ನಮ್ಮ ಪದವಿಯನ್ನಲ್ಲ.

ನಿನ್ನ ಐಡಿ ಕಾರ್ಡ್ ವಾಪಸ್ ತಗೊಂಡಿರಬಹುದು ತಮ್ಮಾ, ತಂಗೀ. ನಿನ್ನ ಕರೆಯನ್ನು ಯಾವ ಕಂಪನಿಯೂ ವಾಪಸ್ ತಗೊಳ್ಳೋಕಾಗಲ್ಲ. ನಾಳೆ ಬೆಳಿಗ್ಗೆ ಎದ್ದು, ಕೈಗೆ ಸಿಕ್ಕ ಸಣ್ಣ ಕೆಲಸವನ್ನು ಕರ್ತನಿಗೋಸ್ಕರ ಮಾಡು. ಎಲ್ಲರೂ ಎದ್ದು ನಿಲ್ಲೋಣ, ಪ್ರಾರ್ಥಿಸೋಣ. ಆಮೆನ್.